ಅಪತ್ಯಭರಣದ ಅವಧಿವಿಚಾರ

೧

ಹೆತ್ತವರು ಮಕ್ಕಳನ್ನು ಸಾಕತಕ್ಕುದೆಂಬಲ್ಲಿ ಯಾವ ಶಾಸ್ತ್ರಕ್ಕೂ ಯಾವ ಶಾಸನಕ್ಕೂ ಭಿನ್ನಾಭಿಪ್ರಾಯವಿಲ್ಲ. ಎಲ್ಲಿಯವರೆಗೆ ಸಾಕತಕ್ಕುದು, ಆ ಹೊಣೆಯು ಯಾವ ನಿಮಿತ್ತದಿಂದ ನಿವೃತ್ತವಾಗುವುದು, ನಿವೃತ್ತವಾಯಿತೆಂದು ಹೇಳತಕ್ಕವರು ಯಾರು ಎಂಬಲ್ಲಿ ಮಾತ್ರ ಗೊಂದಲವುಂಟು. ಪ್ರಾಚೀನ ಧರ್ಮಶಾಸ್ತ್ರವು ಮಗನಿಗೆ ಹದಿನಾರು ವರ್ಷವಾದೊಡನೆ ತಂದೆಯ ಹೊಣೆಯನ್ನು ಮುಗಿಸಿಬಿಟ್ಟಿತೆಂದೂ, ಈಚಿನ ಕಾನೂನು ಕನಿಕರದಿಂದ ಅದನ್ನು ಹದಿನೆಂಟಕ್ಕೆ ಏರಿಸಿತೆಂದೂ ವಿದ್ಯಾವಂತರಲ್ಲಿಯೂ ಒಂದು ಮಾತು ಬಳಕೆಯಲ್ಲಿದೆ. ಈ ಮಾತಿನ ಎರಡು ಭಾಗಗಳೂ ಪರೀಕ್ಷೆಗೆ ನಿಲ್ಲತಕ್ಕುವಲ್ಲ. ಹದಿನಾರರ ವಚನವು ಅನ್ನವಸ್ತ್ರವನ್ನು ಕುರಿತದ್ದಲ್ಲ. ಹದಿನೆಂಟರ ಗಣನೆಯೂ ಮೊದಲು ಹುಟ್ಟಿದುದು ಅನ್ನವಸ್ತ್ರಕ್ಕಾಗಿ ಅಲ್ಲ. ಬೇರೊಂದು ಪ್ರಯೋಜನಕ್ಕೆಂದು ಹಾಕಿದ ಗಡಿಯನ್ನು ಈ ವಿಷಯಕ್ಕೆ ತಂದು ನಿಲ್ಲಿಸಿದುದರಿಂದ ಆದ ಅನರ್ಥವು ಸಣ್ಣದಲ್ಲ.

ಮೊದಲು ಶಬ್ದವನ್ನು ನೋಡೋಣ. ಭರಣ, ಭರ್ತೃ, ಭಾರ್ಯೆ, ಭೃತ್ಯ ಎಂಬಿವೆಲ್ಲವೂ ಹೊರು, ಪೋಷಿಸು ಎಂಬರ್ಥದ ಭೃ ಧಾತುವಿನಿಂದಾದುವು. ಇವುಗಳಲ್ಲಿ ಒಂದಕ್ಕಾದರೂ ವಯಸ್ಸಿನ ಸಂಬಂಧವಿಲ್ಲ. ಹೊರುವವನ ಶಕ್ತಿಗೂ ಹೊರಲ್ಪಡುವವನ ಅಶಕ್ತಿಗೂ ಮಾತ್ರ ಸಂಬಂಧವುಂಟು. ಕನ್ನಡದ ಹಳೆಯ ವಿಭಾಗಪತ್ರಗಳಲ್ಲಿ ಕಾಣುವ 'ಅನ್ನವಸ್ತ್ರ' ಎಂಬ ಮಾತು ಗ್ರಾಸಾಚ್ಛಾದನವೆಂಬ ಸಂಸ್ಕೃತಪದದ ನೇರವಾದ ಪ್ರತಿರೂಪ. ಈಗ ನ್ಯಾಯಾಲಯಗಳಲ್ಲಿ ರೂಢವಾಗಿರುವ 'ಜೀವನಾಂಶ'ದಲ್ಲಿ ಅಂಶಶಬ್ದವು ಸೇರಿರುವುದರಿಂದ, ಅದು ಯಾರೋ ದಯೆಯಿಂದ ಕೊಡುವ ಕಾಸಲ್ಲ, ಪಡೆಯುವವನಿಗೆ ಸಲ್ಲತಕ್ಕ ಪಾಲು ಎಂಬ ಭಾವವು ಒಳಗೇ ಕುಳಿತಿದೆ. ಇನ್ನು ಅಚ್ಚಕನ್ನಡದ 'ಸಾಕು' ಎಂಬುದು ಪೋಷಿಸುವುದಕ್ಕೂ ಆಗುತ್ತದೆ, ಇನ್ನು ಬೇಡವೆನ್ನುವುದಕ್ಕೂ ಆಗುತ್ತದೆ. ಮೊದಲನೆಯ ಸಾಕು ಯಾವಾಗ ಎರಡನೆಯ ಸಾಕು ಆಗುವುದೆಂಬುದೇ ಪ್ರಕೃತ ವಿಚಾರ.

೨

ಹದಿನಾರರ ವಚನವು ನಾರದಸ್ಮೃತಿಯ ಋಣಾದಾನಪ್ರಕರಣದ್ದು. ಎಂಟನೆಯ ವರ್ಷದವರೆಗೆ ಶಿಶುವನ್ನು ಗರ್ಭಸ್ಥನಂತೆಯೇ ಎಣಿಸತಕ್ಕುದು, ಹದಿನಾರರವರೆಗೆ ಅವನು ಬಾಲನು, ಪೋಗಂಡನೆಂದೂ ಹೆಸರು, ಅದರಿಂದ ಮುಂದೆ ವ್ಯವಹಾರವನ್ನರಿತವನು ಎಂಬುದು ಅಲ್ಲಿಯ ತಾತ್ಪರ್ಯ. ಋಣಾದಾನಪ್ರಕರಣವೆಂದರೆ ಸಾಲಕೊಡುವ ತೆಗೆದುಕೊಳ್ಳುವ ಪ್ರಕರಣ. ಸಾಲಪತ್ರಕ್ಕೆ ಬಾಲನು ಗುರುತುಹಾಕಿದರೆ ಅದು ಸಲ್ಲುವುದೇ ಎಂಬುದು ಅಲ್ಲಿಯ ಪ್ರಶ್ನೆ. ಹದಿನಾರನೆಯ ವರ್ಷವೆಂದರೆ ಹದಿನೈದು ತುಂಬಿದಾಗಲೋ ಹದಿನಾರು ತುಂಬಿದಾಗಲೋ ಎಂಬ ಚರ್ಚೆಯೂ ನಡೆದು, ವಂಗದೇಶದವರು ಮೊದಲ ಪಕ್ಷವನ್ನು ಹಿಡಿದರು. ಈ ಚರ್ಚೆಯೆಲ್ಲವೂ ಪತ್ರದ ಸಿಂಧುತ್ವಕ್ಕಾಗಿ ನಡೆದುದೇ ಹೊರತು ಹುಡುಗನಿಗೆ ಮಧ್ಯಾಹ್ನದ ಊಟ ಉಂಟೋ ಇಲ್ಲವೋ ಎಂಬುದಕ್ಕಾಗಿ ಅಲ್ಲ.

ಇಷ್ಟೇ ಅಲ್ಲ. ಅದೇ ನಾರದನು ಕೂಡಲೇ, ಹದಿನಾರು ಕಳೆದವನು ಸ್ವತಂತ್ರನಾಗುವುದು ತಂದೆತಾಯಿಗಳು ಇಲ್ಲದಾಗ ಮಾತ್ರ, ಅವರು ಬದುಕಿರುವವರೆಗೆ ಮಗನು ಮುದುಕನಾದರೂ ಅಸ್ವತಂತ್ರನೇ ಎಂದು ಹೇಳುತ್ತಾನೆ. ಮಗನನ್ನು ಮುದುಕನಾಗುವವರೆಗೆ ಅಧೀನನೆಂದು ಹಿಡಿದುಕೊಂಡು, ಅನ್ನದ ವಿಷಯಕ್ಕೆ ಮಾತ್ರ ಹದಿನಾರಕ್ಕೇ ಬಿಡುಗಡೆ ಮಾಡಿದನೆಂದರೆ ಆ ಸ್ಮೃತಿಕಾರನಿಗೆ ಪೂರ್ವಾಪರಜ್ಞಾನವಿರಲಿಲ್ಲವೆಂದು ಒಪ್ಪಬೇಕಾಗುತ್ತದೆ.

ಭರಣವನ್ನೇ ನೇರವಾಗಿ ಹೇಳುವ ವಚನವು ಬೇರೆ. ವೃದ್ಧರಾದ ತಂದೆತಾಯಿಗಳನ್ನೂ ಸಾಧ್ವಿಯಾದ ಹೆಂಡತಿಯನ್ನೂ ಶಿಶುವಾದ ಮಗನನ್ನೂ ನೂರು ಅಕಾರ್ಯಗಳನ್ನು ಮಾಡಿಯಾದರೂ ಪೋಷಿಸತಕ್ಕುದೆಂಬ ಅರ್ಥದ, ಮನುವಿನ ಹೆಸರಿನಲ್ಲಿ ನಿಬಂಧಕಾರರು ಉದಾಹರಿಸುವ ಮಾತು ಪ್ರಸಿದ್ಧವಾದುದು. ಇಲ್ಲಿ ಮಗನಿಗೆ ಶಿಶುವೆಂಬ ವಿಶೇಷಣವಿದೆಯಲ್ಲ, ಅದರಿಂದಲೇ ಅವಧಿ ಸಿದ್ಧಿಸಲಿಲ್ಲವೇ ಎಂದು ಕೇಳಬಹುದು. ಆಸ್ತಿಯಿರಲಿ ಇಲ್ಲದಿರಲಿ ದುಡಿದಾದರೂ ಸಾಕಲೇಬೇಕಾದ ಹೊಣೆಯು ಶಿಶುವಿಗೇ ಮುಗಿಯುವುದು ನಿಜ. ಆದರೆ ಅದರಿಂದಾಚೆಗೆ ಏನೂ ಇಲ್ಲವೆಂದಲ್ಲ. ಅಲ್ಲಿಂದ ಮುಂದೆ ಹೊಣೆಯು ತಂದೆಯ ದೇಹವನ್ನು ಬಿಟ್ಟು ಕುಟುಂಬದ ಸೊತ್ತನ್ನು ಆಶ್ರಯಿಸುತ್ತದೆ. ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿದವನು ಕನ್ನಡನಾಡಿನ ವಿಜ್ಞಾನೇಶ್ವರನು.

೩

ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (೧೦೭೬-೧೧೨೬) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯೆಯನ್ನು ರಚಿಸಿದನು. ೧೮೧೦ರಲ್ಲಿ ಕೋಲ್‌ಬ್ರೂಕನು ಅದರ ದಾಯಭಾಗವನ್ನು ಇಂಗ್ಲಿಷಿಗೆ ತಿರುಗಿಸಿದ ಮೇಲೆ, ವಂಗದೇಶವೊಂದನ್ನುಳಿದು ಭರತಖಂಡದ ಬಹುಭಾಗದ ನ್ಯಾಯಾಲಯಗಳಲ್ಲಿ ಈ ಗ್ರಂಥವೇ ಪ್ರಮಾಣವಾಯಿತು. ನಮ್ಮ ನಾಡಿನಲ್ಲಿ ಹುಟ್ಟಿದ ಗ್ರಂಥವು ಪರಭಾಷೆಯ ಮೂಲಕ ನಮ್ಮ ಕಚೇರಿಗಳಿಗೆ ಮರಳಿ ಬಂದುದು ವಿಚಿತ್ರವಾದರೂ ನಿಜ.

ಮಗನಿಗೆ ಪಿತಾಮಹನ ಸೊತ್ತಿನಲ್ಲಿ ಜನ್ಮದಿಂದಲೇ ಸ್ವತ್ವವೆಂಬುದು ಮಿತಾಕ್ಷರೆಯ ಮುಖ್ಯ ಸಿದ್ಧಾಂತ. ಇದನ್ನು ಹೆಚ್ಚಾಗಿ ವಿಭಾಗದ ದೃಷ್ಟಿಯಿಂದಲೇ ಓದುವುದು ವಾಡಿಕೆಯಾಗಿದೆ. ಆದರೆ ವಿಜ್ಞಾನೇಶ್ವರನು ಆ ಸಿದ್ಧಾಂತಕ್ಕೆ ಬೆಂಬಲವಾಗಿ ತರುವ ವಚನಗಳಲ್ಲಿ ಒಂದು, ಹುಟ್ಟಿದವರೂ ಇನ್ನೂ ಹುಟ್ಟದವರೂ ಗರ್ಭದಲ್ಲಿರುವವರೂ ವೃತ್ತಿಯನ್ನು ಬಯಸುತ್ತಾರಾದುದರಿಂದ ಸ್ಥಾವರವನ್ನು ದಾನವಾಗಲಿ ವಿಕ್ರಯವಾಗಲಿ ಮಾಡಬಾರದೆನ್ನುತ್ತದೆ. ವೃತ್ತಿಯೆಂದರೆ ಇಲ್ಲಿ ಜೀವನೋಪಾಯ. ಹೊಲವನ್ನು ಮಾರಬಾರದು, ಏಕೆಂದರೆ ಮಕ್ಕಳ ಅನ್ನವು ಅದರಲ್ಲಿದೆ. ಜನ್ಮಸ್ವತ್ವದ ಬೇರು ಭರಣದಲ್ಲಿಯೇ ಇರುವುದೆಂದು ಇದರಿಂದ ವಿದಿತವಾಗುತ್ತದೆ. ದತ್ತಾಪ್ರದಾನಿಕ ಪ್ರಕರಣದಲ್ಲಿಯೂ ಯಾಜ್ಞವಲ್ಕ್ಯನು, ಕುಟುಂಬಕ್ಕೆ ವಿರೋಧವಾಗದಷ್ಟನ್ನೇ ದಾನಮಾಡಬಹುದೆಂದು ಕಟ್ಟುಹಾಕಿದ್ದಾನೆ. ಪೋಷ್ಯವರ್ಗದ ಹೊಟ್ಟೆಗೆ ಸಾಕಾಗಿ ಮಿಕ್ಕುದೇ ದಾನಯೋಗ್ಯ. ಹೀಗಿರಲು, ಅವಿಭಕ್ತಕುಟುಂಬದಲ್ಲಿ ಪ್ರಾಯಕ್ಕೆ ಬಂದ ಮಗನ ಭರಣಕ್ಕೆ ಅಂತ್ಯವು ವಯಸ್ಸಿನಿಂದಲ್ಲ, ವಿಭಾಗದಿಂದ.

ಹೆಣ್ಣುಮಕ್ಕಳ ವಿಷಯದಲ್ಲಿ ಸ್ಮೃತಿಯು ವಯಸ್ಸಿನ ಪ್ರಸ್ತಾವವನ್ನೇ ಎತ್ತುವುದಿಲ್ಲ. ಅಂಧರು, ಉನ್ಮತ್ತರು, ತೀರದ ರೋಗವುಳ್ಳವರು ಮೊದಲಾದವರಿಗೆ ದಾಯದಲ್ಲಿ ಅಂಶವಿಲ್ಲದಿದ್ದರೂ ಅವರನ್ನು ಪೋಷಿಸತಕ್ಕುದೆಂದೂ, ಅವರ ಹೆಣ್ಣುಮಕ್ಕಳನ್ನು ಗಂಡನಿಗೆ ಒಪ್ಪಿಸುವವರೆಗೆ ಸಾಕತಕ್ಕುದೆಂದೂ ಯಾಜ್ಞವಲ್ಕ್ಯನ ವಿಧಿ. ಅಂಶಕ್ಕೆ ಅನರ್ಹನಾದವನ ಮಗಳಿಗೇ ಇಷ್ಟು ರಕ್ಷೆಯಿರುವಾಗ ಅರ್ಹನ ಮಗಳ ಮಾತು ಕೈಮುತಿಕನ್ಯಾಯದಿಂದಲೇ ಸಿದ್ಧ. ತಂದೆಯು ತೀರಿಹೋದ ಮೇಲೆ ಅಣ್ಣತಮ್ಮಂದಿರು ಕಾಲುಭಾಗವನ್ನು ಕೊಟ್ಟು ಅವಳ ಸಂಸ್ಕಾರವನ್ನು ಮಾಡತಕ್ಕುದು. ಈ ಕಾಲುಭಾಗವೆಂಬುದು ಮದುವೆಯ ಖರ್ಚಿಗೆ ಸಾಕಾಗುವಷ್ಟು ಹಣವೆಂದು ಕೆಲವರು ಅರ್ಥಮಾಡಿದ್ದರು. ವಿಜ್ಞಾನೇಶ್ವರನು ಅದನ್ನು ಒಪ್ಪದೆ, ಅದು ಲೆಕ್ಕಹಾಕಿ ಕೊಡತಕ್ಕ ನಿಜವಾದ ಅಂಶವೇ ಸರಿಯೆಂದು ಸಾಧಿಸಿದ್ದಾನೆ. ಮೈಸೂರು ಸಂಸ್ಥಾನವು ೧೯೩೩ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವನ್ನು ಮಾಡಿ ಅವಿವಾಹಿತ ಪುತ್ರಿಗೆ ವಿಭಾಗಕಾಲದಲ್ಲಿ ಅಂಶವನ್ನು ಕೊಟ್ಟಾಗ ಅದನ್ನು ಅನೇಕರು ಪಾಶ್ಚಾತ್ಯಪ್ರಭಾವವೆಂದು ಎಣಿಸಿದರೆ, ಅವರು ಮಿತಾಕ್ಷರೆಯ ಈ ಭಾಗವನ್ನು ಓದಿರಲಿಲ್ಲವೆಂದೇ ಹೇಳಬೇಕು.

ದಾಸೀಪುತ್ರನ ಗತಿ ಬೇರೆ. ದ್ವಿಜರಲ್ಲಿ ಅವನಿಗೆ ಅಂಶವಿಲ್ಲ; ಅನುಕೂಲನಾಗಿ ನಡೆದುಕೊಂಡರೆ ಜೀವನಮಾತ್ರವನ್ನು ಪಡೆಯುವನೆಂದು ಮಿತಾಕ್ಷರೆ. ಇಂಗ್ಲಿಷರ ಕಾಲದ ನ್ಯಾಯಾಲಯಗಳು ಇದನ್ನು ಆಜೀವನಭರಣವೆಂದು ತೀರ್ಮಾನಿಸಿದುವು. ಅವಮಾನದೊಡನೆ ಕೊಟ್ಟ ಅನ್ನವೇ ಆದರೂ ಅದಕ್ಕೆ ಹದಿನಾರರ ಕಟ್ಟಿರಲಿಲ್ಲ.

೪

ಹಾಗಾದರೆ ಅವಧಿಯನ್ನು ಸೂಚಿಸುವ ವಚನವೇ ಇಲ್ಲವೇ ಎಂದರೆ, ಉಂಟು. ಅದು ಇರುವುದು ಬಾಲಧನರಕ್ಷಣೆಯ ಪ್ರಕರಣದಲ್ಲಿ. ಅನಾಥನಾದ ಬಾಲನ ಸೊತ್ತನ್ನು ರಾಜನು ರಕ್ಷಿಸತಕ್ಕುದು. ಎಲ್ಲಿಯವರೆಗೆಂದರೆ, ಗೌತಮನ ಮತದಲ್ಲಿ ವ್ಯವಹಾರಪ್ರಾಪ್ತಿಯವರೆಗೆ ಅಥವಾ ಸಮಾವರ್ತನದವರೆಗೆ. ಮನುವಿನ ಮತದಲ್ಲಿ ಅವನು ಸಮಾವೃತ್ತನಾಗುವವರೆಗೆ, ಶೈಶವವನ್ನು ದಾಟುವವರೆಗೆ. ಸಮಾವರ್ತನವೆಂದರೆ ಗುರುಕುಲದಲ್ಲಿ ವಿದ್ಯೆಯನ್ನು ಮುಗಿಸಿ ಮನೆಗೆ ಹಿಂದಿರುಗುವುದು. ಇಲ್ಲಿ ಎರಡು ಗಡಿಗಳು ಸ್ಪಷ್ಟವಾಗಿವೆ: ಒಂದು ವಯಸ್ಸಿನದು, ಒಂದು ವಿದ್ಯೆಯದು. ಇವೆರಡನ್ನು ಜೋಡಿಸುವ ಮಾತು ವಿಕಲ್ಪವೆಂದಾದರೆ ರಾಜನು ತನಗೆ ಸುಲಭವಾದುದನ್ನು ಆರಿಸಿಕೊಳ್ಳಬಹುದೆಂದಾಗುವುದು. ಅದು ರಕ್ಷಣೆಯ ಉದ್ದೇಶಕ್ಕೇ ವಿರುದ್ಧ. ಆದುದರಿಂದ ಇದನ್ನು ವ್ಯವಸ್ಥಿತವಿಕಲ್ಪವೆಂದೇ ತಿಳಿಯತಕ್ಕುದು: ಓದುತ್ತಿರುವವನಿಗೆ ಓದಿನ ಅಂತ್ಯ, ಓದದವನಿಗೆ ವಯಸ್ಸು.

ಇದು ಅನಾಥನ ಧನವನ್ನು ರಾಜನು ಕಾಯುವ ಮಾತಾಯಿತೇ ಹೊರತು ತಂದೆಯು ತನ್ನ ಧನದಿಂದ ಸಾಕುವ ಮಾತಾಗಲಿಲ್ಲವೆಂಬ ಆಕ್ಷೇಪವು ಸಹಜ. ಆದರೆ ರಾಜನು ಇಲ್ಲಿ ತಂದೆಯ ಸ್ಥಾನದಲ್ಲಿ ನಿಂತಿದ್ದಾನೆ. ಪ್ರತಿನಿಧಿಗೆ ಇರುವ ಹೊಣೆಯು ಮುಖ್ಯನಿಗೆ ಇಲ್ಲವೆನ್ನುವುದು ಹೇಗೆ?

ಇದಕ್ಕಿಂತ ಬಲವಾದ ಆಕ್ಷೇಪವು ಇನ್ನೊಂದುಂಟು. ಬ್ರಹ್ಮಚಾರಿಯು ಭಿಕ್ಷಾನ್ನದಿಂದ ಬಾಳುತ್ತಿದ್ದನು, ಗುರುವಿನ ಮನೆಯಲ್ಲಿ ಮಲಗುತ್ತಿದ್ದನು. ಸಮಾವರ್ತನವು ಎಷ್ಟು ತಡವಾದರೂ ತಂದೆಗೆ ಅದರಿಂದ ಒಂದು ಕಾಸಿನ ಭಾರವೂ ಇರಲಿಲ್ಲ. ಆದುದರಿಂದ ಆ ಅವಧಿಯನ್ನು ತಂದೆಯ ಮೇಲೆ ಹೊರಿಸುವುದು ಅಸಂಗತವೆಂದು. ಈ ಪೂರ್ವಪಕ್ಷವನ್ನು ಹಗುರವಾಗಿ ತಳ್ಳುವಂತಿಲ್ಲ. ಆದರೆ ಭಾರವು ತಂದೆಯ ಮೇಲಿರಲಿಲ್ಲವೆಂದರೆ ಎಲ್ಲಿಯೂ ಇರಲಿಲ್ಲವೆಂದು ಅರ್ಥವಲ್ಲ. ಇಂಡಿಯ ಬಳಿಯ ಸಾಲೋಟಗಿಯ ಶಾಸನವನ್ನು ನೋಡಬಹುದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ೯೪೫ರಲ್ಲಿ, ಅವನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು; ಅವರ ವಾಸಕ್ಕೆ ೨೭ ಮನೆಗಳೂ ನಿರ್ವಾಹಕ್ಕೆ ಭೂಮಿಯೂ ದತ್ತವಾಗಿದ್ದುವು; ಊರಿನಲ್ಲಿ ಮದುವೆ, ಉಪನಯನ, ಚೌಲಗಳಾದಾಗ ಶಾಲೆಗೆ ಇಷ್ಟಿಷ್ಟೆಂದು ಕಾಣಿಕೆಯೂ ನಿಯತವಾಗಿತ್ತು. ಅಂದರೆ ಓದುವ ಹುಡುಗನ ಅನ್ನದ ಭಾರವನ್ನು ಊರೇ ಹೊತ್ತಿತ್ತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದವರೆಗೂ ಮೈಸೂರು ಬೆಂಗಳೂರುಗಳಲ್ಲಿ ನಡೆದುಬಂದ ವಾರಾನ್ನದ ಪದ್ಧತಿಯು ಇದರ ಕೊನೆಯ ಕೊಂಡಿ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆಯೆಂದು ಏಳು ಮನೆಗಳಲ್ಲಿ ಉಂಡು ಓದಿ ದೊಡ್ಡವರಾದವರು ಕನ್ನಡ ವಿದ್ವಾಂಸರಲ್ಲಿಯೇ ಎಷ್ಟೋ ಮಂದಿ. ಮಠಗಳ ಉಚಿತ ವಿದ್ಯಾರ್ಥಿನಿಲಯಗಳು, ಸಿದ್ಧಗಂಗೆ ಸುತ್ತೂರುಗಳಲ್ಲಿ ಇರುವಂಥವು, ಇಂದಿಗೂ ಆ ಧರ್ಮವನ್ನು ನಡೆಸುತ್ತಿವೆ. ಆದರೆ ನಗರದ ಬೀದಿಗಳಲ್ಲಿ ವಾರಾನ್ನವು ನಿಂತುಹೋಯಿತು. ಊರು ಇಳಿಸಿದ ಭಾರವು ಹೆತ್ತವರ ತಲೆಗೆ ಬಾರದೆ ಎಲ್ಲಿಗೆ ಹೋದೀತು?

ಪ್ರಾಸಂಗಿಕವಾಗಿ ಇನ್ನೊಂದು ಮಾತು. ತಂದೆಯು ಯುದ್ಧದಲ್ಲಿ ಬಿದ್ದರೆ ಆಳುವವನು ಆ ಕುಟುಂಬವನ್ನು ನೋಡಿಕೊಳ್ಳುತ್ತಿದ್ದುದಕ್ಕೆ ನಮ್ಮ ವೀರಗಲ್ಲುಗಳೇ ಸಾಕ್ಷಿ. ಗಂಗರ ಹೆಸರನ್ನು ನೆನಪಿಗೆ ತರುವ ಬೆಂಗಳೂರಿನ ಗಂಗಾನಗರಕ್ಕೆ ಹತ್ತಿರದಲ್ಲಿಯೇ, ಹೆಬ್ಬಾಳದಲ್ಲಿ, ೨೦೧೮ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗ ಶ್ರೀಪುರುಷನ ಕಾಲದ್ದು, ಸುಮಾರು ೭೫೦ರದು. ಹೆಬ್ಬಾಳದ ಹಳೆಯ ರೂಪವು ಪೆರ್ಬೊಳಲ್ ಎಂದಿತ್ತೆಂಬುದು ಅದರಿಂದಲೇ ತಿಳಿದುದು. ಬೇಗೂರಿನ ಪ್ರಸಿದ್ಧವಾದ ಕಲ್ಲಿನಲ್ಲಿ, ಎರೆಯಪ್ಪನ ಕಾಲದ ಕಾಳಗದಲ್ಲಿ ನಾಗತ್ತರನು ಸತ್ತ ಮೇಲೆ ಇರುಗನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ ಸಂಗತಿಯಿದೆ. ಇಂಥವುಗಳಿಗೆ ಕಲ್ನಾಡು, ಬಾಳ್ಗಳ್ಚು, ನೆತ್ತರುಗೊಡಗೆ ಎಂಬ ಹೆಸರುಗಳುಂಟು. ಭೂಮಿಯ ರೂಪದಲ್ಲಿ ಕೊಟ್ಟುದರಿಂದ ಇಲ್ಲಿ ಮಗನ ವಯಸ್ಸನ್ನು ಎಣಿಸುವ ಕೆಲಸವೇ ಬರಲಿಲ್ಲ. ತಿಂಗಳ ಹಣಕ್ಕೆ ಅವಧಿ ಬೇಕು, ಹೊಲಕ್ಕೆ ಬೇಡ.

೫

ಇನ್ನು ಹದಿನೆಂಟರ ವಿಚಾರ. ೧೮೭೫ರ ಭಾರತೀಯ ಪ್ರಾಪ್ತವಯಸ್ಕತಾಶಾಸನವು ಕರಾರು ಮೊದಲಾದ ವ್ಯವಹಾರಗಳಿಗಾಗಿ ಹದಿನೆಂಟು ವರ್ಷವನ್ನು ನಿಯಮಿಸಿತು. ನ್ಯಾಯಾಲಯವು ಪೋಷಕನನ್ನು ನೇಮಿಸಿದ್ದರೆ ಇಪ್ಪತ್ತೊಂದೆಂದಿತು. ಈ ಎರಡನೆಯ ಗಡಿಯು ೧೯೯೯ರಲ್ಲಿ ರದ್ದಾಯಿತು. ನಾರದನ ಹದಿನಾರರ ಸ್ಥಾನದಲ್ಲಿ ಬಂದುದು ಇದು. ವಿಷಯವೂ ಅದೇ, ವ್ಯವಹಾರಯೋಗ್ಯತೆ. ಭರಣದ ವಿಷಯದಲ್ಲಿ ಆ ಕಾಲದ ಶಾಸನವು ಬೇರೆ ದಾರಿಯನ್ನು ಹಿಡಿದಿತ್ತು. ೧೮೯೮ರ ದಂಡಪ್ರಕ್ರಿಯಾಸಂಹಿತೆಯ ೪೮೮ನೆಯ ಕಲಮು, ತನ್ನನ್ನು ತಾನು ಪೋಷಿಸಿಕೊಳ್ಳಲಾರದ ಮಗುವೆಂದಿತೇ ಹೊರತು ಇಷ್ಟು ವಯಸ್ಸಿನ ಮಗುವೆನ್ನಲಿಲ್ಲ. ಮಗುವು ಔರಸವೋ ಅಲ್ಲವೋ ಎಂಬ ಭೇದವನ್ನೂ ಮಾಡಲಿಲ್ಲ. ಅಶಕ್ತಿಯೇ ಅಲ್ಲಿಯ ಒರೆಗಲ್ಲು. ಭೃ ಧಾತುವಿನ ಅರ್ಥಕ್ಕೆ ಇದು ಹೆಚ್ಚು ಹತ್ತಿರವಾದುದೆಂಬುದನ್ನು ಹೇಳಬೇಕಾಗಿಲ್ಲ.

ಈ ಎರಡು ಧಾರೆಗಳು ಕೂಡಿದುದು ಸ್ವಾತಂತ್ರ್ಯಾನಂತರ. ಕನ್ನಡನಾಡು ಒಂದಾದ ೧೯೫೬ರ ನವೆಂಬರ್ ೧ಕ್ಕೆ ಐವತ್ತು ದಿನಗಳಾದ ಮೇಲೆ, ಡಿಸೆಂಬರ್ ೨೧ರಂದು, ಹಿಂದೂ ದತ್ತಕ ಮತ್ತು ಜೀವನಾಂಶಶಾಸನವು ಜಾರಿಗೆ ಬಂದಿತು. ಅದರ ೨೦ನೆಯ ಕಲಮು ತಂದೆಗೂ ತಾಯಿಗೂ ಸಮಾನವಾಗಿ ಹೊಣೆಯನ್ನು ಹೊರಿಸಿತು. ಔರಸನೆಂಬ ಅನೌರಸನೆಂಬ ತಾರತಮ್ಯವನ್ನು ಅಳಿಸಿತು. ಮಗುವು ಅಪ್ರಾಪ್ತವಯಸ್ಕವಾಗಿರುವವರೆಗೆ ಎಂದು ಅವಧಿಯನ್ನು ಹಾಕಿತು. ಅವಿವಾಹಿತ ಪುತ್ರಿಯು ತನ್ನ ಸಂಪಾದನೆಯಿಂದಾಗಲಿ ಸೊತ್ತಿನಿಂದಾಗಲಿ ಬಾಳಲಾರದಿದ್ದರೆ ಅವಳಿಗೆ ವಯಸ್ಸಿನ ಕಟ್ಟನ್ನು ಸಡಿಲಿಸಿತು. ಜೀವನಾಂಶವೆಂಬುದರಲ್ಲಿ ಅನ್ನ, ವಸ್ತ್ರ, ವಾಸ, ಚಿಕಿತ್ಸೆಗಳೊಡನೆ ವಿದ್ಯಾಭ್ಯಾಸವೂ ಸೇರಿತು. ಅವಿವಾಹಿತ ಪುತ್ರಿಗೆ ಮದುವೆಯ ಖರ್ಚೂ ಸೇರಿತು. ೧೯೭೩ರ ದಂಡಪ್ರಕ್ರಿಯಾಸಂಹಿತೆಯ ೧೨೫ನೆಯ ಕಲಮಿನಲ್ಲಿ ಅಶಕ್ತಿಯೊಡನೆ ಅಪ್ರಾಪ್ತವಯಸ್ಕತೆಯೂ ಸೇರಿ, ಪ್ರಾಪ್ತವಯಸ್ಕರಲ್ಲಿ ದೇಹದ ಅಥವಾ ಮನಸ್ಸಿನ ವೈಕಲ್ಯವುಳ್ಳವರನ್ನು ಮಾತ್ರ, ವಿವಾಹಿತ ಪುತ್ರಿಯನ್ನು ಬಿಟ್ಟು, ಉಳಿಸಿಕೊಂಡಿತು. ಅಂಧೋನ್ಮತ್ತಾದಿಗಳಿಗೆ ಯಾಜ್ಞವಲ್ಕ್ಯನು ಹೇಳಿದ ಭರಣವು ಇಲ್ಲಿ ಮತ್ತೆ ಕಾಣಿಸಿಕೊಂಡಿದೆ. ಅಂಥ ಮಗುವಿನ ವಿಷಯದಲ್ಲಿ ಹೆತ್ತವರ ಹೊಣೆಗೆ ವಯಸ್ಸಿನ ಅಂತ್ಯವೆಂಬುದಿಲ್ಲ.

೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (೨೦೨೩) ೧೪೪ನೆಯ ಕಲಮು ಇದೇ ವಿಧಿಯ ಈಗಿನ ಪಾಠ. ಇದರಲ್ಲಿ ಒಂದು ಪಾಠಭೇದವು ಮೀಮಾಂಸಕರಿಗೆ ಸ್ವಾರಸ್ಯಕರವಾಗಿದೆ. ಮಕ್ಕಳನ್ನು ಹೇಳುವ ಮೊದಲನೆಯ ವಾಕ್ಯದಲ್ಲಿ ಹಿಂದೆ ಇದ್ದ ಅಪ್ರಾಪ್ತವಯಸ್ಕಪದವು ಹೊಸ ಪಾಠದಲ್ಲಿಲ್ಲ. ಹಾಗಾದರೆ ಎಲ್ಲ ವಯಸ್ಸಿನ ಅಶಕ್ತ ಮಕ್ಕಳೂ ಅಲ್ಲಿ ಅಡಗಿದರೆಂದು ಹೇಳಬಹುದೇ? ಮುಂದಿನ ವಾಕ್ಯವು ಪ್ರಾಪ್ತವಯಸ್ಕನಾದ ವಿಕಲಾಂಗನನ್ನು ಪ್ರತ್ಯೇಕವಾಗಿ ವಿಧಿಸುತ್ತದೆ. ಮೊದಲನೆಯದರಲ್ಲಿಯೇ ಎಲ್ಲರೂ ಬಂದಿದ್ದರೆ ಈ ಎರಡನೆಯ ವಿಧಿಯು ವ್ಯರ್ಥ. ವಿಧಿಯು ವ್ಯರ್ಥವಾಗಬಾರದೆಂಬ ನ್ಯಾಯದಿಂದ ಮೊದಲನೆಯದನ್ನು ಬಾಲರಿಗೇ ಸಂಕೋಚಮಾಡಬೇಕಾಗುತ್ತದೆ. ಪದವನ್ನು ತೆಗೆದುಹಾಕಿದುದು ಮಾತ್ರ ವ್ಯರ್ಥವಲ್ಲವೇ ಎಂದು ಪ್ರತಿವಾದಿಯು ಕೇಳಿದರೆ, ಆ ಪ್ರಶ್ನೆಯೂ ನ್ಯಾಯವಾದುದೇ.

ಮುಸಲ್ಮಾನರಲ್ಲಿ ಗಂಡುಮಕ್ಕಳಿಗೆ ಪ್ರಾಯಪ್ರಾಪ್ತಿಯವರೆಗೂ ಹೆಣ್ಣುಮಕ್ಕಳಿಗೆ ಮದುವೆಯವರೆಗೂ ತಂದೆಯು ಪೋಷಿಸತಕ್ಕುದೆಂದು ಸ್ವಧರ್ಮದ ವಿಧಿ. ವಿಚ್ಛೇದವಾದರೂ ಮಕ್ಕಳ ಈ ಹಕ್ಕಿಗೆ ಚ್ಯುತಿಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೧೯೯೭ರಲ್ಲಿ ಸ್ಪಷ್ಟಪಡಿಸಿದೆ. ಪುತ್ರಿಯ ವಿಷಯದಲ್ಲಿ ಎರಡು ಭಿನ್ನಪರಂಪರೆಗಳೂ ವಯಸ್ಸನ್ನು ಬಿಟ್ಟು ಮದುವೆಯನ್ನೇ ಹಿಡಿದಿರುವುದು ಗಮನಾರ್ಹ.

೬

ಈ ವಿಧಿಗಳು ಒಂದು ಸಂಸಾರದಲ್ಲಿ ಹೇಗೆ ನಡೆಯುವುವೆಂಬುದನ್ನು ನೋಡುವುದಕ್ಕೆ ನೈಯಾಯಿಕರ ದೇವದತ್ತನನ್ನೇ ಕರೆತಂದು ಗಂಗಾನಗರದಲ್ಲಿ ನೆಲಸಿದ್ದಾನೆಂದು ಕಲ್ಪಿಸಬಹುದು. ದೇವದತ್ತನು ಹೆಂಡತಿಯಿಂದ ಬೇರೆಯಾಗಿದ್ದಾನೆ. ಮಗನು ತಾಯಿಯೊಡನೆ ಇದ್ದಾನೆ. ಕುಟುಂಬನ್ಯಾಯಾಲಯದ ಆಜ್ಞೆಯಂತೆ ತಿಂಗಳುತಿಂಗಳೂ ಹಣ ಕೊಡುತ್ತಾನೆ. ಆರು ತುಂಬಿ ಒಂದನೆಯ ತರಗತಿಗೆ ಸೇರಿದ ಹುಡುಗನು ಹತ್ತು ವರ್ಷಕ್ಕೆ ಎಸ್.ಎಸ್.ಎಲ್.ಸಿ.ಯನ್ನೂ ಮತ್ತೆರಡು ವರ್ಷಕ್ಕೆ ಪಿ.ಯು.ಸಿ.ಯನ್ನೂ ಮುಗಿಸುವ ಹೊತ್ತಿಗೆ ಸರಿಯಾಗಿ ಹದಿನೆಂಟು. ಅಂದರೆ ಖರ್ಚು ಕಡಮೆಯಿದ್ದ ಹನ್ನೆರಡು ವರ್ಷ ಹಣ ಬಂದು, ಕಾಲೇಜಿನ ದೊಡ್ಡ ಶುಲ್ಕವನ್ನು ಕಟ್ಟತಕ್ಕ ತಿಂಗಳಲ್ಲಿಯೇ ಹೊಣೆ ತೀರುತ್ತದೆ. ಮನೆಗೆ ಹತ್ತಿರದ ಹೆಬ್ಬಾಳದ ಪಶುವೈದ್ಯ ಕಾಲೇಜಿಗೇ ಅವನು ಸೇರಿದನೆನ್ನಿ. ಅಲ್ಲಿಯ ವ್ಯಾಸಂಗವು ಐದು ವರ್ಷಕ್ಕೂ ಮಿಕ್ಕುದು. ಅವನು ಸಮಾವೃತ್ತನಾಗುವುದು ಇಪ್ಪತ್ತಮೂರು ಕಳೆದ ಮೇಲೆ. ನಡುವಣ ಐದು ವರ್ಷಗಳಿಗೆ ಶಾಸನದ ಅಕ್ಷರದಲ್ಲಿ ಉತ್ತರವಿಲ್ಲ. ಅವನಿಗೆ ತಂಗಿಯೊಬ್ಬಳಿದ್ದರೆ ಅವಳಿಗೆ ಇಪ್ಪತ್ತನೆಯ ಕಲಮು ಆಸರೆಯಾಗುತ್ತದೆ. ಅಣ್ಣನಿಗೆ ಅದೂ ಇಲ್ಲ.

ಈ ಕೊರತೆಯನ್ನು ಮುಟ್ಟಿದ ತೀರ್ಪೊಂದು ಕರ್ನಾಟಕದ ವ್ಯಾಜ್ಯದಿಂದಲೇ ಹುಟ್ಟಿತು. ಸರ್ಕಾರೀ ನೌಕರನೊಬ್ಬನು ಹಿಂದಿನ ಹೆಂಡತಿ ಸಾಕುತ್ತಿದ್ದ ಮಗನಿಗೆ ತಿಂಗಳಿಗೆ ೨೦,೦೦೦ ರೂಪಾಯಿ ಕೊಡತಕ್ಕುದೆಂದು ೨೦೧೭ರಲ್ಲಿ ಕುಟುಂಬನ್ಯಾಯಾಲಯವು ಆಜ್ಞೆಮಾಡಿತ್ತು. ತನ್ನ ಕೈಗೆ ಬರುವ ಸಂಬಳಕ್ಕೆ ಇದು ಮೀರಿದುದೆಂದು ಅವನು ಮೇಲೆ ಹೋದನು. ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಚಂದ್ರಚೂಡರೂ ಶಾ ಅವರೂ ೨೦೨೧ರ ಮಾರ್ಚಿಯಲ್ಲಿ ಮೊತ್ತವನ್ನು ೧೦,೦೦೦ಕ್ಕೆ ಇಳಿಸಿ, ವರ್ಷವರ್ಷವೂ ಅದು ಏರತಕ್ಕುದೆಂದರು. ಆದರೆ ಅವಧಿಯನ್ನು ಇಳಿಸಲಿಲ್ಲ. ಹದಿನೆಂಟಕ್ಕೆ ನಿಲ್ಲಿಸಿದರೆ ಈ ಕಾಲಕ್ಕೆ ಸಾಲದು, ಮೊದಲನೆಯ ಪದವಿಯನ್ನು ಮುಗಿಸುವವರೆಗೆ ಕೊಡತಕ್ಕುದೆಂದರು. ಗೌತಮನ ಹೆಸರು ಅಲ್ಲಿ ಬಂದಿತೋ ಇಲ್ಲವೋ, ವಿಧಿಸಿದುದು ಸಮಾವರ್ತನದ ಅವಧಿಯನ್ನೇ. ಇದು ಆ ವ್ಯಾಜ್ಯದ ಸಂದರ್ಭಕ್ಕೆ ಮಾಡಿದ ಆಜ್ಞೆ. ಶಾಸನದ ಪಾಠವು ಇದರಿಂದ ಬದಲಾಗಲಿಲ್ಲ. ಆದುದರಿಂದ ಪ್ರತಿಯೊಬ್ಬ ಹುಡುಗನೂ ಮತ್ತೆ ಮೊದಲಿಂದ ವಾದಿಸಬೇಕಾಗಿದೆ. ತಂದೆಯು ಶ್ರೀಮಂತನಲ್ಲದಿರಬಹುದು, ಮತ್ತೆ ಮದುವೆಯಾಗಿ ಬೇರೆ ಮಕ್ಕಳೂ ಇರಬಹುದು. ಅವುಗಳನ್ನು ನೋಡಿ ಮೊತ್ತವನ್ನು ಇಳಿಸುವುದು ನ್ಯಾಯವೇ. ಮೊತ್ತವನ್ನು ಇಳಿಸುವುದಕ್ಕೂ ಅವಧಿಯನ್ನು ಕಡಿಯುವುದಕ್ಕೂ ಇರುವ ಅಂತರವನ್ನು ಈ ತೀರ್ಪು ಚೆನ್ನಾಗಿ ಕಾಣಿಸಿದೆ.

ಪುತ್ರಿಯ ವಿಷಯದಲ್ಲಿ ೨೦೨೦ರ ಸೆಪ್ಟೆಂಬರ್ ೧೫ರ ತೀರ್ಪನ್ನು ನೋಡತಕ್ಕುದು. ಪ್ರಾಪ್ತವಯಸ್ಕಳಾದ ಅವಿವಾಹಿತ ಪುತ್ರಿಯು ವೈಕಲ್ಯವಿಲ್ಲದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ೧೨೫ನೆಯ ಕಲಮಿನಂತೆ ಕೇಳುವಂತಿಲ್ಲ. ೧೯೫೬ರ ಶಾಸನದ ೨೦ನೆಯ ಕಲಮಿನಂತೆ ದಾವೆಹೂಡಿ ಕೇಳಬಹುದು. ಎರಡೂ ಅಧಿಕಾರಗಳುಳ್ಳ ಕುಟುಂಬನ್ಯಾಯಾಲಯವು ಎರಡನ್ನೂ ನೋಡಬಹುದು. ಹಕ್ಕು ಒಂದೇ ಆದರೂ ಯಾವ ಬಾಗಿಲನ್ನು ತಟ್ಟಿದರೆಂಬುದರ ಮೇಲೆ ಅದು ದೊರೆಯುವುದೂ ದೊರೆಯದಿರುವುದೂ ನಿಂತಿರುವುದು ವಿಷಾದಕರ.

೭

ಹೊಣೆಯು ವಯಸ್ಸಲ್ಲದೆ ಬೇರೆ ನಿಮಿತ್ತಗಳಿಂದಲೂ ತೀರುವುದುಂಟು. ದತ್ತಕದಿಂದ ತೀರುವುದು ಪೂರ್ಣವಾದ ನಿವೃತ್ತಿ. ದತ್ತನು ಜನಕನ ಗೋತ್ರವನ್ನೂ ರಿಕ್ಥವನ್ನೂ ಬಿಡುವನೆಂದು ಮನುವಿನ ಮತ. ೧೯೫೬ರ ಶಾಸನದಲ್ಲಿಯೂ ದತ್ತಕದ ದಿನದಿಂದ ಜನ್ಮಕುಟುಂಬದ ಸಂಬಂಧಗಳು ಕಡಿದು ಹೊಸ ಕುಟುಂಬದವು ಅಂಟಿಕೊಳ್ಳುವುವು. ಹೊಣೆಯು ಇಲ್ಲಿ ನಾಶವಾಗುವುದಿಲ್ಲ, ಕೈಬದಲಾಗುತ್ತದೆ. ಮಗನೋ ಮಗಳೋ ಹಿಂದೂಧರ್ಮವನ್ನು ಬಿಟ್ಟರೆ ಆ ಶಾಸನದ ಮೂಲಕ ಕೇಳುವ ಹಕ್ಕು ಹೋಗುತ್ತದೆ. ಮ್ಯಾಜಿಸ್ಟ್ರೇಟರ ಮುಂದಣ ಹಕ್ಕಿಗೆ ಮತಭೇದವಿಲ್ಲವಾದುದರಿಂದ ಅದು ಉಳಿಯುತ್ತದೆ. ತಂದೆಯ ಮರಣದಿಂದಲೂ ಎಲ್ಲವೂ ಮುಗಿಯದು. ಅಪ್ರಾಪ್ತವಯಸ್ಕ ಪುತ್ರನೂ ಅವಿವಾಹಿತ ಪುತ್ರಿಯೂ ಅವನ ಸೊತ್ತಿನಲ್ಲಿ ಪಾಲನ್ನು ಪಡೆಯದಿದ್ದರೆ, ಸೊತ್ತನ್ನು ಪಡೆದ ವಾರಸುದಾರರು ಅದರಿಂದ ಅವರನ್ನು ಪೋಷಿಸತಕ್ಕುದು.

ಮುಖ್ಯವಾದ ಸಂಗತಿ ಇನ್ನೊಂದು. ದೇವದತ್ತನು ಮಗನಿಗೆ ಹದಿನೆಂಟಾಯಿತೆಂದು, ಇಲ್ಲವೆ ಮಗಳು ಕೆಲಸಕ್ಕೆ ಸೇರಿದಳೆಂದು ತಾನೇ ತೀರ್ಮಾನಿಸಿ ಹಣವನ್ನು ನಿಲ್ಲಿಸಿಬಿಡುವುದು ಕ್ಷೇಮವಲ್ಲ. ಸಂದರ್ಭವು ಬದಲಾಯಿತೆಂದು ಅರ್ಜಿಕೊಟ್ಟು ಆಜ್ಞೆಯನ್ನು ತಿದ್ದಿಸಿಕೊಳ್ಳತಕ್ಕುದು. ಹಿಂದಿನ ಸಂಹಿತೆಯ ೧೨೭ನೆಯ, ಈಗಿನದರ ೧೪೬ನೆಯ ಕಲಮು ಇರುವುದು ಇದಕ್ಕಾಗಿ. ೧೯೫೬ರ ಶಾಸನದಲ್ಲಿ ೨೫ನೆಯದು. ಇದೇ ಕಲಮುಗಳಿಂದ ಮೊತ್ತವನ್ನು ಏರಿಸಬೇಕೆಂದು ಎದುರುಪಕ್ಷವೂ ಕೇಳಬಹುದು. ಬಾಕಿ ಬಿದ್ದ ಹಣಕ್ಕೆ ಅದು ಸಲ್ಲತಕ್ಕ ದಿನದಿಂದ ಒಂದು ವರ್ಷದೊಳಗೆ ಅರ್ಜಿಕೊಡದಿದ್ದರೆ ವಾರಂಟು ಹೊರಡುವುದಿಲ್ಲ; ಓದುಬರಹದ ಗಡಿಬಿಡಿಯಲ್ಲಿಯೋ ಸಂಕೋಚದಿಂದಲೋ ಸುಮ್ಮನಿದ್ದ ತಾಯಂದಿರು ಇಲ್ಲಿಯೇ ಹೆಚ್ಚಾಗಿ ಸೋಲುತ್ತಾರೆ. ಅರ್ಜಿ ಸಲ್ಲಿಸಿದ ದಿನದಿಂದಲೇ ಜೀವನಾಂಶವನ್ನು ಕೊಡಿಸತಕ್ಕುದೆಂದು ೨೦೨೦ರ ನವೆಂಬರ್ ೪ರಂದು ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿದುದರಿಂದ ವಿಳಂಬದ ನಷ್ಟವು ಸ್ವಲ್ಪಮಟ್ಟಿಗೆ ತಪ್ಪಿದೆ. ಕೊಡದೆ ಉಳಿದ ಒಂದೊಂದು ತಿಂಗಳಿಗೂ ಒಂದು ತಿಂಗಳವರೆಗೆ ಸೆರೆಯಾಗಬಹುದು. ಸೆರೆಯನ್ನು ಅನುಭವಿಸಿ ಬಂದ ಮಾತ್ರಕ್ಕೆ ಆ ಬಾಕಿಯು ತೀರಿದುದಾಗಿ ಎಣಿಸಲ್ಪಡುವುದಿಲ್ಲ.